ಹನ್ನೆರಡು ಸೂತಿನ ನಟ್

ಅಂಟು ಬಿಡಬಹುದಿತ್ತು. ಗಿಟಾರಿಗೆ ಅಂಟಿಸಿದ್ದ ಹಿತ್ತಾಳೆಯ ಆ ಸಣ್ಣ ತುಂಡು ಹಾಡಿನ ನಡುವೆ ಟಣ್ಣೆಂದು ಹಾರಿ, ನಗುನಗುತ್ತ ಫೋಟೋ ತೆಗೆಸಿಕೊಳ್ಳುತ್ತಿರುವ ಮದುಮಗಳ ಹಣೆಗೆ ಬಡಿಯಬಹುದಿತ್ತು. ಹಣೆ ತಪ್ಪಿದರೂ ಮೊದಲ ಸಾಲಿನಲ್ಲಿ ಕೂತಿರುವ ಬೀಗರ ಪೈಕಿ ಒಬ್ಬ ಹಿರಿಯರ ಕನ್ನಡಕವಂತೂ ಇದ್ದೇ ಇತ್ತು. ಲೋಹವಾದ್ದರಿಂದ ಎಲ್ಲೋ ಕರೆಂಟು ತಾಗಿ ನಾನು ವೇದಿಕೆಯ ಮೇಲೆ ಗಿಟಾರಿಗೆ ಅಂಟಿಕೊಂಡು ನಡುಗಬಹುದಿತ್ತು, ಜನ ಅದನ್ನು ಹೊಸ ನಮೂನೆಯ ಕುಣಿತ ಎಂದುಕೊಂಡು ಚಪ್ಪಾಳೆ ತಟ್ಟಬಹುದಿತ್ತು. ಗೀರಿನ ಅಂಚು ಚೂಪಾಗಿ ಉಳಿದು ದಪ್ಪ ತಂತಿಯೇ ಹರಿಯಬಹುದಿತ್ತು. ಆ ತಂತಿ ಹುಬ್ಬಳ್ಳಿಯಲ್ಲಿ ಸಿಗುತ್ತಿರಲಿಲ್ಲ. ಹರಿಯದಿದ್ದರೂ ಶ್ರುತಿ ಇಳಿಯಬಹುದಿತ್ತು. ಇಳಿದದ್ದು ನನಗೆ ಗೊತ್ತಾಗದೇ ಇರಬಹುದಿತ್ತು, ನಮ್ಮ ಆರ್ಕೆಸ್ಟ್ರಾದ ಮಾಲಕರಿಗೆ ಗೊತ್ತಾಗಬಹುದಿತ್ತು. ಇವೆಲ್ಲ ಬಿಟ್ಟು ಹಳೆಯ ಗರಗರ ಸದ್ದೇ ತಿರುಗಿ ಬರಬಹುದಿತ್ತು. ಬಂದರೆ ಅಂದಿಗೆ ನನ್ನ ಆರ್ಕೆಸ್ಟ್ರಾ ಸೇವೆ ಮುಗಿದಂತೆ.

ಈ ಯಾದಿಯನ್ನು ನಾನು ಸ್ಕೂಟರಿನ ಮೇಲೆ, ಬೆನ್ನಿಗೆ ಗಿಟಾರಿನ ಪೆಟ್ಟಿಗೆ ಕಟ್ಟಿಕೊಂಡು, ಆ ರಿಸೆಪ್ಶನ್ನಿಗೆ ಹೋಗುವ ದಾರಿಯಲ್ಲಿ ಮನಸ್ಸಿನಲ್ಲೇ ಮಾಡಿದ್ದು. ನನಗೆ ಇದೊಂದು ಅಭ್ಯಾಸ. ಮಂದಿ ದಾರಿಯಲ್ಲಿ ಹಾಡು ಗುನುಗುತ್ತಾರೆ, ನಾನು ಅನಾಹುತಗಳನ್ನು ಎಣಿಸುತ್ತೇನೆ. ಎಣಿಸಿದ್ದು ಯಾವುದೂ ಆಗುವುದಿಲ್ಲ ಎಂಬ ಒಂದು ಮೂಢನಂಬಿಕೆಯೂ ಇದರ ಹಿಂದಿದೆ. ಹಾಗಾಗಿ ಒಂದನ್ನೂ ಬಿಡುವಂತಿಲ್ಲ. ದಣಿವಾಗುತ್ತದೆ.

ಬಾಸ್ ಗಿಟಾರ್ ನೋಡದವರಿಗಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕು. ನೋಡಿದವರೂ ಅದನ್ನು ಮಾಮೂಲಿ ಗಿಟಾರೇ ಎಂದುಕೊಳ್ಳುತ್ತಾರೆ. ಅದಕ್ಕೆ ನಾಲ್ಕೇ ತಂತಿ. ದಪ್ಪ ತಂತಿ, ಉದ್ದನೆಯ ಕತ್ತು, ಹೊಟ್ಟೆಯೊಳಗಿನಿಂದ ಬಂದಂಥ ದನಿ. ಬಾಸ್ ಇದ್ದಾಗ ಯಾರಿಗೂ ಕೇಳಿಸುವುದಿಲ್ಲ, ನಿಂತಾಗಲೇ ಏನೋ ಕಳೆದಂತೆ ಅನಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ನಿಂತಾಗಲೂ ಯಾರಿಗೂ ಏನೂ ಅನಿಸುವುದಿಲ್ಲ. ಈ ಗಿಟಾರಿನ ಕತ್ತು ಮುಗಿದು ತಲೆ ಶುರುವಾಗುವಲ್ಲಿ, ಒಂದು ಬೆರಳಿಗಿಂತ ಗಿಡ್ಡನೆಯ ಅಡ್ಡಪಟ್ಟಿ ಇರುತ್ತದೆ. ಅದರ ಮೇಲೆ ನಾಲ್ಕು ಗೀರು. ಗೀರಿಗೊಂದರಂತೆ ತಂತಿಗಳು ಅದರಲ್ಲಿ ಕೂತು ಮುಂದೆ ಹೋಗುತ್ತವೆ. ಇಷ್ಟಕ್ಕೆ ಇಂಗ್ಲಿಷಿನವರು ನಟ್ ಎಂದು ಹೆಸರಿಟ್ಟಿದ್ದಾರೆ. ಯಾಕೆ ಇಟ್ಟರೋ ತಿಳಿಯದು. ಬೇರೆ ಏನೇ ಕರೆದಿದ್ದರೂ ನನ್ನ ಒಂದು ವಾರ ಉಳಿಯುತ್ತಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ, ರೈಲ್ವೆ ಕಾಲನಿಯಿಂದ ಮನೆ ಖಾಲಿ ಮಾಡಿ ಗೋವಾಕ್ಕೆ ಹೊರಟಿದ್ದ ಒಬ್ಬರಿಂದ ನಾನು ಆ ಗಿಟಾರನ್ನು ಕೊಂಡಿದ್ದೆ. ಅದರ ನಟ್ ಪ್ಲಾಸ್ಟಿಕ್ಕಿನದು. ವರ್ಷಗಳು ಕಳೆದಂತೆ ದಪ್ಪ ತಂತಿ ತನ್ನ ಗೀರನ್ನು ತಿನ್ನುತ್ತ ತಿನ್ನುತ್ತ ಕೆಳಗಿಳಿದು, ಕತ್ತಿನ ಮೇಲಿನ ಮೊದಲ ಲೋಹದ ಗೆರೆಗೆ ತಾಗತೊಡಗಿತು. ಬೆರಳಿಟ್ಟು ಬಾರಿಸಿದರೆ ಸರಿ. ಬಿಟ್ಟ ತಂತಿ ಬಾರಿಸಿದರೆ ಮಾತ್ರ ಗರ್ರ್ ಎಂದು ಎರಡು ಸಲ ಒದರಿ ಸತ್ತುಹೋಗುತ್ತಿತ್ತು. ಸಿಟಿ ಬಸ್ಸಿನ ಟಿಕೆಟ್ ಮಡಿಚಿ ಗೀರಿನೊಳಗೆ ತುರುಕಿ ನಾನು ಕಾಲ ಕಳೆದೆ. ಆ ಟಿಕೆಟ್ಟಿನ ಕಾಗದ ಆಗ ಗಟ್ಟಿಯಾಗಿರುತ್ತಿತ್ತು. ಎರಡು ಸಾವಿರದ ಇಸವಿಯ ಈಚೆಗೆ ಟಿಕೆಟ್ಟೂ ತೆಳುವಾಯಿತು, ಗೀರೂ ಆಳವಾಯಿತು, ನನ್ನ ಕೂದಲಂತೂ ಕೇಳಬೇಡಿ.

ನಮ್ಮ ಆರ್ಕೆಸ್ಟ್ರಾ ನಡೆಸುತ್ತಿದ್ದವರದು ಬಟ್ಟೆ ವ್ಯಾಪಾರ. ಹಾಡುವವರೂ ಅವರೇ, ಕಾರ್ಯಕ್ರಮ ಹಿಡಿಯುವವರೂ ಅವರೇ. ನಾವೆಲ್ಲ ಅವರನ್ನು ಮಾಲಕರು ಎಂದೇ ಕರೆಯುತ್ತಿದ್ದೆವು. ಪ್ರತಿ ರವಿವಾರ ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಬಟ್ಟೆಯ ಗಂಟುಗಳ ನಡುವೆ ನಮ್ಮ ಪ್ರಾಕ್ಟೀಸು. ಗಣಪತಿ ಹಬ್ಬದ ಕಾರ್ಯಕ್ರಮ ಮುಗಿದ ಮೇಲಿನ ರವಿವಾರ ಅವರು ನನ್ನನ್ನು ಗಂಟಿನ ಮೇಲೆ ಕೂಡಿಸಿಕೊಂಡರು.

"ಸಿಟ್ಟಿಲೆ ಹೇಳಾಕತ್ತಿಲ್ರಿ ನಾನು. ಮೊನ್ನಿ ನಿಮ್ಮ ಬಾಸ್ ಹೆಂಗ ಕೇಳಾಕತ್ತಿತ್ತಂದ್ರ, ಸ್ಪೀಕರ್‌ನ್ಯಾಗ ಜಿರಳಿ ಹೊಕ್ಕಾವೇನ್ರಿ ಅಂತ ಮಂಡಳದವ್ರು ಕೇಳಿದ್ರು."

"ಜಿರಳಿ ಅಲ್ರಿ. ನಟ್ ಸವದೈತಿ."

"ಸವದ್ರ ಹೊಸಾದ ಹಾಕ್ಸ್ರಿ. ದೀಪಾವಳಿ ಆದ ಮ್ಯಾಲೆ ದೊಡ್ಡ ಮಂದೀದು ರಿಸೆಪ್ಶನ್ ಹಿಡದೇನಿ. ಅವತ್ತೂ ಹಿಂಗ ಗರಗರ ಅಂದ್ರ..."

ಅವರು ಮುಂದಿನದನ್ನು ಹೇಳುವ ಹೊರೆಯನ್ನು ನಮ್ಮ ಕೀಬೋರ್ಡಿನವನಿಗೆ ಬಿಟ್ಟರು. ಅವನಿಗೆ ಆಗ ಮೂವತ್ತರ ವಯಸ್ಸು, ಬಹಳ ಸಭ್ಯ. ಸಭ್ಯರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲ.

"ಸರ್, ನಿಮಗ ತ್ರಾಸ ಆಗಬಾರದು ಅಂತ ಹೇಳಾಕತ್ತೇನ್ರಿ," ಎಂದ. "ಕೀಬೋರ್ಡ್‌ನ್ಯಾಗ ಬಾಸ್ ಐತ್ರಿ. ನನ್ನ ಎಡಗೈ ಹೆಂಗೂ ಖಾಲೀನ ಇರ್ತೈತಿ."

ನಾನು ಹತ್ತು ವರ್ಷಕ್ಕೂ ಮೇಲೆ ಬಾರಿಸಿಕೊಂಡು ಬಂದದ್ದು ಅವನ ಎಡಗೈಯ ಬಿಡುವಿನ ವೇಳೆಯಲ್ಲಿ ಮುಗಿಯುವ ಕೆಲಸ. ಅದು ಸುಳ್ಳೂ ಆಗಿರಲಿಲ್ಲ. ಬಿಟ್ಟುಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು, ನಾನೂ ಕೇಳಿಕೊಂಡೆ. ಬಿಟ್ಟರೆ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಏನು ಮಾಡುವುದು ಎಂದು ಹೊಳೆಯಲಿಲ್ಲ. ನಾನೊಂದು ಸರ್ಕಾರಿ ಕಚೇರಿಯ ಗುಮಾಸ್ತ. ನಾನು ರಜೆ ಹಾಕಿದ್ದೇನೆಂದು ಸಾಹೇಬರಿಗೆ ತಿಳಿಯುತ್ತಿದ್ದುದು ಮಾರನೆಯ ದಿನ ನಾನೇ ಅರ್ಜಿ ಕೊಟ್ಟಾಗ. ಗೋದಾಮಿನಲ್ಲಿಯಾದರೆ ನಾನು ತಡವಾಗಿ ಹೋದರೆ ತಬಲಾದವರು "ಬಂದ್ರು ಬಂದ್ರು, ಚಾಲೂ ಮಾಡ್ರಿ" ಎನ್ನುತ್ತಿದ್ದರು. ಪ್ರಾಕ್ಟೀಸು ಮುಗಿದ ಮೇಲೆ ಎಲ್ಲರೂ ಕೂಡಿ ಮಿರ್ಚಿ ಭಜಿ ತಿಂದು ಚಹಾ ಕುಡಿಯುತ್ತಿದ್ದೆವು. ಇಷ್ಟನ್ನು ಒಂದು ಎಡಗೈಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಅಂದು ಮನೆಗೆ ಬಂದು ತಂತಿ ಸಡಲಿಸಿ ನಟ್ ನೋಡುವಾಗ, ನನ್ನ ಕೈಗೆ ಬರುವಾಗಲೇ ಹಳತಾಗಿದ್ದ ಪ್ಲಾಸ್ಟಿಕ್ಕು, ಸಣ್ಣ ಸದ್ದು ಮಾಡಿ ಎರಡು ತುಂಡಾಯಿತು. ಇನ್ನು ಟಿಕೆಟ್ ತುರುಕುವ ದಾರಿಯೂ ಮುಚ್ಚಿತು. ಹೊಸದನ್ನು ಯಾವುದರಲ್ಲಿ ಮಾಡಿಸಬೇಕು ಎಂಬ ಪ್ರಶ್ನೆ ಹೀಗೆ ನನ್ನ ಕೊರಳಿಗೆ ಬಿತ್ತು.

ಮೊದಲ ಸಲಹೆ ಬಂದದ್ದು ಹೆಂಡತಿಯಿಂದ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಹಣಗಿ ಮುರದ ಹಾಕ್ರಿ ಅದಕ್ಕ. ಹಲ್ಲು ತಯಾರನ ಅದಾವ. ನೀವು ಕೊರಿಯೂದೂ ಬ್ಯಾಡ."

"ಹಣಗಿ ಪ್ಲಾಸ್ಟಿಕ್. ಮತ್ತ ಸವೀತೈತಿ."

"ಸವದ್ರ ಇನ್ನೊಂದು ಹಣಗಿ. ಹೆಂಗೂ ನಿಮಗ ಈಗ ಅದರ ಉಪಯೋಗ ಕಡಿಮಿ."

ಮಾರನೆಯ ದಿನ ಕಚೇರಿ ಬಿಟ್ಟ ಮೇಲೆ ಇಂಟರ್ನೆಟ್ ಅಂಗಡಿಗೆ ಹೋದೆ. ಅರ್ಧ ಬಾಗಿಲಿನ ಪೆಟ್ಟಿಗೆಗಳಂಥ ಜಾಗ, ಅಕ್ಕಪಕ್ಕದಲ್ಲಿ ಕಾಲೇಜಿನ ಹುಡುಗರು. ನಡುವೆ ನಾನೊಬ್ಬ ಓದುವ ಕನ್ನಡಕ ಏರಿಸಿಕೊಂಡು ಕೂತು ಗಿಟಾರಿನ ನಟ್ ಯಾವುದರಿಂದ ಮಾಡಬೇಕೆಂದು ಹುಡುಕಿದೆ. ಜಗತ್ತಿನಲ್ಲಿ ಇದೇ ಚಿಂತೆಯಲ್ಲಿರುವವರು ಬಹಳ ಜನ ಎಂದು ತಿಳಿದು ಮೊದಲು ಸಮಾಧಾನವಾಯಿತು. ಆಮೇಲೆ ಗಾಬರಿಯಾಯಿತು. ಎಲುಬೇ ಸರಿ ಎಂದು ಒಬ್ಬ ಬರೆದಿದ್ದ. ಎಲುಬು ಒಳಗೊಳಗೆ ಒಂದೇ ಸಮ ಇರುವುದಿಲ್ಲ, ಒಂದು ತಂತಿ ಒಂದು ಥರ ಇನ್ನೊಂದು ಇನ್ನೊಂದು ಥರ ಕೇಳುತ್ತದೆ ಎಂದು ಇನ್ನೊಬ್ಬ. ಹಿತ್ತಾಳೆ ಹಾಕಿದರೆ ದನಿ ಗಂಟೆಯಂತಾಗುತ್ತದೆ ಎಂದು ಒಬ್ಬ ಹೊಗಳಿದ್ದ, ಅದೇ ಮಾತನ್ನು ಮತ್ತೊಬ್ಬ ಬೈಗುಳವಾಗಿ ಬರೆದಿದ್ದ. ಗ್ರಾಫೈಟು ಎಂಬುದನ್ನೂ ಹಲವರು ಹೇಳಿದ್ದರು. ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿದ್ದ ಗ್ರಾಫೈಟು ಪೆನ್ಸಿಲಿನೊಳಗೆ ಮಾತ್ರ ಇತ್ತು. ಕೊನೆಗೆ ಎಲ್ಲರೂ ಒಬ್ಬರ ತಂದೆತಾಯಿಯನ್ನು ಒಬ್ಬರು ಎಳೆದು ಜಗಳಾಡಿದ್ದರು. ಆ ಅಂಗಡಿಯಿಂದ ನಾನು ಹೊಕ್ಕಾಗ ಇದ್ದುದಕ್ಕಿಂತ ಹೆಚ್ಚು ಅಜ್ಞಾನಿಯಾಗಿ ಹೊರಬಂದೆ.

ಹೇಗೂ ನಮ್ಮ ಪಕ್ಕದಲ್ಲೇ ಧಾರವಾಡ ಇತ್ತು. ತಂಬೂರಿ, ಸಿತಾರುಗಳ ಊರು. ತಂತಿ ಎಳೆದ ಯಾವ ವಾದ್ಯಕ್ಕೂ ಅಲ್ಲಿ ಔಷಧಿ ಇದ್ದೇ ಇರುತ್ತದೆ ಎಂದುಕೊಂಡು, ಒಂದು ಶನಿವಾರ ಅರ್ಧ ದಿನ ರಜೆ ಹಾಕಿದೆ. ಎರಡು ತುಂಡಿನ ಹಳೆಯ ನಟ್ಟನ್ನು ತಾತ್ಕಾಲಿಕವಾಗಿ ಅಂಟಿಸಿ, ತಂತಿ ಕಟ್ಟಿ, ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಪೆಟ್ಟಿಗೆಗೂ ಟಿಕೆಟ್ ತೆಗೆಸು ಎಂದ. ಕೊಟ್ಟ ಟಿಕೆಟ್ಟನ್ನು ಅಭ್ಯಾಸಬಲದಿಂದ ಬೆರಳಲ್ಲಿ ಹಿಡಿದು ದಪ್ಪ ನೋಡಿದೆ.

ಧಾರವಾಡದ ಹಳೆಯ ಓಣಿಯೊಂದರಲ್ಲಿ ತಂಬೂರಿ ರಿಪೇರಿ ಮಾಡುವ ಒಬ್ಬರಿದ್ದರು. ಕಟ್ಟೆಯ ಮೇಲೆ ಚಾಪೆ ಹಾಕಿ, ತೊಡೆಯ ಮೇಲೆ ತಂಬೂರಿ ಮಲಗಿಸಿಕೊಂಡು, ತಂತಿಯ ಕೆಳಗೆ ದಾರದ ಎಳೆಯೊಂದನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ನನ್ನ ಕರಿಯ ಪೆಟ್ಟಿಗೆ ನೋಡಿ ಕೈ ನಿಲ್ಲಿಸಿದರು.

"ಬರ್ರಿ, ಕೂಡ್ರಿ. ಏನದು, ಬಂದೂಕೇನು?"

"ಬಾಸ್ ಗಿಟಾರ್ ರೀ."

"ತೆಗೀರಿ, ನೋಡೋಣ." ನೋಡಿದರು. ಅಡಿಮೇಲು ಮಾಡಿ ಮತ್ತೆ ನೋಡಿದರು. "ಇದರ ಹೊಟ್ಟಿ ಎಲ್ಲದ?"

"ಹೊಟ್ಟಿ ಇರಂಗಿಲ್ರಿ ಇದಕ್ಕ. ಕರೆಂಟಿಗೆ ಹಚ್ಚಬೇಕು."

"ಅಂದ್ರ ಇದು ವಾದ್ಯ ಅಲ್ರಿ, ಕರೆಂಟಿನ ಸಾಮಾನ. ಕರೆಂಟ್ ಹೋದ್ರ ನೀವೇನು ಮಾಡ್ತೀರಿ?"

"ಸುಮ್ನ ಕೂಡತೇನ್ರಿ."

"ಛಲೋ ಆತು. ಈ ಊರಾಗ ಸುಮ್ನ ಕೂಡೂ ಕಲಾವಿದರು ಭಾಳ ಕಡಿಮಿ ಆಗ್ಯಾರ." ಹಾಗೆನ್ನುತ್ತ ದಪ್ಪ ತಂತಿಯನ್ನು ಉಗುರಿನಿಂದ ಮೀಟಿದರು. ಅದು ಎಂದಿನಂತೆ ಗರ್ರ್ ಎಂದಿತು. ಅವರು ಕಣ್ಣು ಮುಚ್ಚಿದರು. ಮತ್ತೊಮ್ಮೆ ಮೀಟಿದರು.

"ಆಹಾ! ಎಂಥಾ ಜವಾರಿ ಕೂಡೇದ್ರೀ ಇದಕ್ಕ!"

ತಂಬೂರಿಯ ತಂತಿ ತನ್ನ ಕೆಳಗಿನ ಪಟ್ಟಿಗೆ ಸವರಿದಷ್ಟೇ ತಾಗಿ, ಝೇಂಕರಿಸುತ್ತ ಸಿಡಿಯುವ ಆ ದನಿಗೆ ಜವಾರಿ ಎನ್ನುತ್ತಾರೆ. ಧಾರವಾಡದಲ್ಲಿ ಅದನ್ನು ಬರಿಸಲು ಜನ ವಾದ್ಯ ಹೊತ್ತುಕೊಂಡು ಬರುತ್ತಾರೆ. ನಾನು ಅದನ್ನು ತೆಗೆಸಲು ಹೊತ್ತುಕೊಂಡು ಬಂದಿದ್ದೆ.

"ಇದನ್ನ ತಗೀಬೇಕಾಗಿತ್ರಿ," ಎಂದೆ.

"ತಗೀಬೇಕಾ? ಮುಂಜಾನಿಂದ ಈ ತಂಬೂರಿಗೆ ದಾರಾ ಸರಿಸಿ ಸರಿಸಿ ನನ್ನ ಕಣ್ಣು ಹೋಗ್ಯಾವ. ಇನ್ನೂ ಅರ್ಧಾ ಬಂದಿಲ್ಲ. ನಿಮಗ ಪುಕ್ಕಟ ಬಂದದ, ತಗಸ್ತೀರಿ?"

"ನಮ್ಮ ಮಾಲಕರು ಜಿರಳಿ ಅಂತಾರ್ರಿ."

"ಹುಬ್ಬಳ್ಳಿಯವರೇನು?"

"ಹೌದ್ರಿ."

"ಮತ್ತ ಸರಿ ಬಿಡ್ರಿ," ಎಂದು ತಲೆ ಅಲ್ಲಾಡಿಸಿದರು. ಅವರ ದೃಷ್ಟಿಯಲ್ಲಿ ನಮ್ಮ ಊರಿನ ಪ್ರಶ್ನೆ ಅಲ್ಲಿಗೆ ತೀರ್ಮಾನವಾಗಿತ್ತು. ನನಗೆ ಒಂದು ಗಳಿಗೆ, ಈ ಗರಗರವನ್ನೇ ಇಟ್ಟುಕೊಂಡು, ಇದು ಧಾರವಾಡದ ಘರಾಣೆಯ ಬಾಸ್ ಎಂದು ಮಾಲಕರಿಗೆ ಹೇಳಿದರೆ ಹೇಗೆ ಅನ್ನಿಸಿತು. ಅವರು ಏನೆಂದಾರು ಎಂದು ಊಹಿಸಿ ಕೈಬಿಟ್ಟೆ.

ಆಮೇಲೆ ಅವರು ಒಳಗಿನಿಂದ ಬಿಸ್ಕೀಟಿನ ಹಳೆಯ ಡಬ್ಬಿ ತಂದು ಚಾಪೆಯ ಮೇಲೆ ಸುರುವಿದರು. ಸೀಸಂ ಕಟ್ಟಿಗೆಯ ತುಂಡುಗಳಿದ್ದವು. ದಪ್ಪ ತಂತಿ ಕಟ್ಟಿಗೆಯನ್ನು ತಿಂದುಹಾಕುತ್ತದೆ ಎಂದು ಅವರೇ ಬದಿಗಿಟ್ಟರು. ಸಾರಂಗದ ಕೋಡಿನ ತುಂಡೊಂದಿತ್ತು. ಇದು ತಮ್ಮ ಅಪ್ಪನ ಕಾಲದ್ದು, ಈಗ ಹೊರಗೆ ತೋರಿಸುವಂತಿಲ್ಲ ಎನ್ನುತ್ತ ಹೊರಗೇ ಹಿಡಿದು ತೋರಿಸಿದರು. ನಾನು ಓಣಿಯ ಎರಡೂ ಕಡೆ ನೋಡಿದೆ. ಗಿಟಾರಿನ ನಟ್ ಹಾಕಿಸಲು ಹೋದ ಗುಮಾಸ್ತನ ಬಂಧನ ಎಂದು ಪೇಪರಿನಲ್ಲಿ ಬಂದರೆ ಪಿಂಚಣಿ ಏನಾಗುತ್ತದೆ ಎಂಬಲ್ಲಿಯವರೆಗೆ ನನ್ನ ಯೋಚನೆ ಹೋಗಿ ಬಂತು. ಉಳಿದದ್ದು ಹಳದಿ ಬಿಳುಪಿನ ಒಂದು ತುಂಡು.

"ಒಂಟೀ ಎಲುಬು. ಇದನ್ನ ಹಾಕ್ರಿ. ನೀವು ಹೋಗ್ತೀರಿ, ಇದು ಇರ್ತದ."

"ನೀವಽ ಕೂಡಿಸಿ ಕೊಡ್ತೀರೇನ್ರಿ?"

"ಕರೆಂಟಿನ ಸಾಮಾನ ನಾ ಮುಟ್ಟೂದಿಲ್ಲ. ತಗೊಂಡ ಹೋಗ್ರಿ, ಮನ್ಯಾಗ ತಿಕ್ಕೋತ ಕೂಡ್ರಿ."

ಎಲುಬಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಂದೆ. ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. ಹೇಳದೇ ಇದ್ದಿದ್ದರೆ ನಡೆಯುತ್ತಿತ್ತೇನೋ. ಆದರೆ ಹೇಳದೆ ಮಾಡಿದ್ದು ಮುಂದೆಂದೋ ಗೊತ್ತಾಗಿ ಏನೇನು ಆದೀತು ಎಂಬ ಯಾದಿ ಬಸ್ಸಿನಲ್ಲೇ ತಯಾರಾಗಿತ್ತು. ಬಾಗಿಲಲ್ಲೇ ಹೇಳಿಬಿಟ್ಟೆ.

"ಎಲುಬಾ? ಯಾರದು?" ಎಂದಳು ಹೆಂಡತಿ.

"ಒಂಟೀದಂತ."

"ಒಂಟೀ ಎಲುಬು ತಂದು ದೇವರ ಮನಿ ಗ್ವಾಡಿಗೆ ಆನಿಸಿ ಇಡ್ತೀರಿ?"

"ಗಿಟಾರಿಗೆ ಕವರ್ ಐತಲ್ಲ."

"ಒಂಟಿಗೂ ಇತ್ತು ಕವರು."

ಗಿಟಾರ್ ಇಡಲು ಮನೆಯಲ್ಲಿ ಬೇರೆ ಗೋಡೆಯೂ ಇರಲಿಲ್ಲ. ಒಂಟೆಯ ಎಲುಬು ನನ್ನ ಕಚೇರಿಯ ಮೇಜಿನ ಖಾನೆ ಸೇರಿತು.

ಹಾಗಾಗಿ ಉಳಿದದ್ದು ಹಿತ್ತಾಳೆ. ಹೆಂಡತಿಗೂ ಅದರ ಬಗ್ಗೆ ತಕರಾರಿರಲಿಲ್ಲ, ದೇವರ ಮನೆಯ ಪಾತ್ರೆ ಪಡಗವೆಲ್ಲ ಅದರದ್ದೇ. ನಾನು ಹಿತ್ತಾಳೆಯನ್ನು ಆರಿಸಿದೆ ಎಂದು ಆಮೇಲೆ ಎಷ್ಟೋ ಜನರ ಮುಂದೆ ಜಂಬದಿಂದ ಹೇಳಿದ್ದೇನೆ. ಉಳಿದವೆಲ್ಲ ನನ್ನನ್ನು ಬೇಡವೆಂದ ಮೇಲೆ ಅದೊಂದು ಅಲ್ಲೇ ನಿಂತಿತ್ತು, ಅಷ್ಟೆ.

ಹೆಂಡತಿಯ ತಮ್ಮನಿಗೆ ಗೋಕುಲ ರಸ್ತೆಯಲ್ಲಿ ಲೇಥ್ ಮಶೀನಿನ ವರ್ಕ್‌ಶಾಪ್ ಇತ್ತು. ಅವನಿಗೆ ಫೋನ್ ಮಾಡುವ ಮುಂಚೆ ನಾನು ಬಹಳ ಮುಂದಾಲೋಚನೆ ಮಾಡಿದೆ. ಅವರ ಕಡೆ ಅಳತೆಯೆಲ್ಲ ಸೂತಿನಲ್ಲಿ. ಒಂದು ಇಂಚಿಗೆ ಎಂಟು ಸೂತು. ಇಂಚು, ಮಿಲಿಮೀಟರು ಎಂದು ಹೇಳಿ ಎಲ್ಲೋ ತಪ್ಪಾಗುವುದು ಬೇಡ, ಅವನ ಭಾಷೆಯಲ್ಲೇ ಹೇಳೋಣವೆಂದು ನಟ್ಟಿನ ಉದ್ದ ಒಂದೂವರೆ ಇಂಚನ್ನು ಲೆಕ್ಕ ಹಾಕಿ ಇಟ್ಟುಕೊಂಡೆ.

"ಹೇಳ್ರಿ ಮಾಮಾರ," ಎಂದ. ಹಿಂದೆ ಮಶೀನಿನ ಸದ್ದು.

"ಒಂದು ನಟ್ ಮಾಡಿಸಬೇಕಾಗಿತ್ತು."

"ಮಾಡೂಣ್ರಿ. ಎಷ್ಟ ಸೂತಿಂದು?"

"ಹನ್ನೆರಡ ಸೂತು."

ಅವನು ಮಶೀನು ಬಂದ್ ಮಾಡಿದ. "ಹನ್ನೆರಡಾ?"

"ಹೂಂ. ಹಿತ್ತಾಳ್ಯಾಗ."

"ಮಾಮಾರ, ಹೊಸಾದು ಗಾಡಿ ಏನರ ತಗೊಂಡೀರೇನು?"

"ಇಲ್ಲೋ, ನನ್ನ ಗಿಟಾರಿಂದು. ಇನ್ನ ದಪ್ಪ ಎಷ್ಟಂದ್ರ..."

"ದಪ್ಪ ನನಗ ಬಿಡ್ರಿ. ಅದು ಲೆಕ್ಕದ ಪ್ರಕಾರ ಬರ್ತೈತಿ. ಒಂದ ವಾರ ಕೊಡ್ರಿ."

ಎಷ್ಟು ಆತ್ಮವಿಶ್ವಾಸ, ನಮ್ಮಲ್ಲಿ ಯಾಕಿಲ್ಲ ಎಂದುಕೊಂಡು ಫೋನ್ ಇಟ್ಟೆ.

ವಾರ ಕಳೆದು ನಾನು ಹೋದಾಗ ಅವನು ಕೈಯನ್ನು ಬನೀನಿನ ಚಿಂದಿಗೆ ಒರೆಸಿಕೊಳ್ಳುತ್ತ, ಮೇಜಿನ ಕೆಳಗಿನಿಂದ ಕಾಗದದಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟ. ಮೇಜು ದಡ್ ಎಂದಿತು. ಬಿಚ್ಚಿದೆ. ಆರು ಮೂಲೆಯ, ಒಳಗೆ ಸುತ್ತಲೂ ಬೋಲ್ಟು ತಿರುಗುವ ಆಟೆ ಕೊರೆದ, ಫಳಫಳ ಹೊಳೆಯುವ ಹಿತ್ತಾಳೆಯ ನಟ್. ಒಂದೂವರೆ ಇಂಚಿನ ಬೋಲ್ಟಿಗೆ ಹಾಕುವಂಥದ್ದು. ಲಾರಿಯ ಚಕ್ರದ ಹತ್ತಿರ ಎಲ್ಲೋ ಇಂಥದ್ದನ್ನು ನೋಡಿದ ನೆನಪು. ಅದು ನಿಜಕ್ಕೂ ಚೆಂದವಿತ್ತು.

"ಹನ್ನೆರಡ ಸೂತಿಂದು ಹಿತ್ತಾಳ್ಯಾಗ ಬಜಾರದಾಗ ಸಿಗಂಗಿಲ್ರಿ," ಎಂದ ಅವನು, ಹೆಮ್ಮೆಯಿಂದ. "ಗಟ್ಟಿ ರಾಡ್ ತರಿಸಿ ನಾನಽ ಕಡದೇನಿ."

ನಾನು ಸ್ಟೂಲು ಎಳೆದುಕೊಂಡು ಕೂತೆ. "ತಮ್ಮಾ, ಇದು ಗಿಟಾರಿಗೆ ಹೆಂಗ ಹಾಕೂದು?"

"ಅದು ನನಗೂ ತಿಳಿಲಿಲ್ಲ. ಅಕ್ಕ ಯಾವಾಗ್ಲೂ ಅಂತಿರ್ತಾಳ, ನಿಮ್ಮ ಗಿಟಾರ್ ಭಾಳ ದೊಡ್ಡದು, ಮನ್ಯಾಗ ಅಡ್ಯಾಡಾಕ ಜಾಗಾ ಇಲ್ಲ ಅಂತ. ಅಷ್ಟ ದೊಡ್ಡದಿರಬೇಕು ಅನ್ಕೊಂಡ್ನಿ." ಅವನು ತಡೆದು ಕೇಳಿದ. "ಬೋಲ್ಟ್ ಯಾಕ ತರಲಿಲ್ರಿ ನೀವು?"

ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗಿಟಾರಿನ ಕತ್ತು ಬರೆದೆ, ನಟ್ ಬರೆದೆ, ನಾಲ್ಕು ಗೀರು ಎಳೆದೆ. ಅವನು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

"ಮಾಮಾರ, ಇದಕ್ಕ ಪಟ್ಟಿ ಅನ್ರಿ! ನಟ್ ಅಂದ್ರ ನಟ್ಟ ಆಕ್ಕೈತಿ!"

ಬೈಯುವಂತಿರಲಿಲ್ಲ. ಅವನು ಅಳತೆ ಕೇಳಿದ್ದ, ನಾನು ಹೇಳಿದ್ದೆ. ಅವನ ಭಾಷೆಯಲ್ಲೇ ಹೇಳಲು ಹೋಗಿ, ಅವನ ಭಾಷೆಯಲ್ಲಿ ಅದಕ್ಕೊಂದು ಅರ್ಥ ಮೊದಲೇ ಇದೆ ಎಂಬುದನ್ನು ಮರೆತದ್ದು ನಾನು. ಜಗತ್ತಿನ ಎಲ್ಲ ಅಪಾಯಗಳನ್ನು ಮುಂಚೆಯೇ ಊಹಿಸುವವನಿಗೆ ನಟ್ ಎಂದರೆ ನಟ್ ಎಂಬುದು ಹೊಳೆದಿರಲಿಲ್ಲ. ಉಳಿದ ರಾಡಿನ ತುಂಡಿನಿಂದ ಅವನು ಅಲ್ಲೇ ಒಂದು ಪಟ್ಟಿ ಕೊಯ್ದು ಕೊಟ್ಟ. ಗೀರು ಕೊರೆಯಲು ಕಾನಸು ಎಂಬ ಎರಡು ಸಣ್ಣ ಅರಗಳನ್ನೂ ಕೊಟ್ಟು, ಬೆರಳು ಕೊರೆದುಕೊಂಡೀರಿ ಎಂದು ಎಚ್ಚರಿಸಿದ. ದೊಡ್ಡ ನಟ್ಟನ್ನೂ ಬೇಡವೆಂದರೂ ಕೇಳದೆ ಸ್ಕೂಟರಿನ ಡಿಕ್ಕಿಗೆ ಹಾಕಿದ.

ಪಟ್ಟಿ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿತ್ತು. ಶಾಲೆಯ ಮಕ್ಕಳ ಅಳತೆಪಟ್ಟಿಯಿಂದ ಅಳೆದವನೂ ನಾನೇ ಆದ್ದರಿಂದ ಅರಿವೆ ಒಗೆಯುವ ಕಲ್ಲಿನ ಮೇಲೆ ನೀರು ಹಾಕಿ ತಿಕ್ಕುತ್ತ ಕೂತೆ. ದಿನಾ ಸಂಜೆ ಸ್ವಲ್ಪ ತಿಕ್ಕುವುದು, ಹಾಕಿ ನೋಡುವುದು, ಮತ್ತೆ ತಿಕ್ಕುವುದು. ಗೀರುಗಳದ್ದು ಇನ್ನೂ ದೊಡ್ಡ ದಿಗಿಲು. ಕಡಿಮೆ ಕೊರೆದರೆ ತಂತಿ ಎತ್ತರ ನಿಂತು ಬೆರಳು ನೋಯುತ್ತದೆ. ಹೆಚ್ಚು ಕೊರೆದರೆ ಮತ್ತೆ ಅದೇ ಗರಗರ, ಮತ್ತು ಕೊರೆದದ್ದನ್ನು ತಿರುಗಿ ತುಂಬಲು ಬರುವುದಿಲ್ಲ. ಕಾನಸಿನಿಂದ ಎರಡು ಸಲ ಎಳೆದು, ಉಸಿರು ಬಿಟ್ಟು, ತಂತಿ ಕೂಡಿಸಿ ನೋಡಿ, ಮತ್ತೆ ಬಿಚ್ಚುತ್ತಿದ್ದೆ. ಅರಿವೆ ತಂದಿಟ್ಟುಕೊಂಡು ಕಾಯುತ್ತಿದ್ದ ಹೆಂಡತಿ ಒಮ್ಮೆ ಕೇಳಿದಳು, "ಬಂಗಾರದ್ದೇನು ಅದು?" ಬೆನ್ನು ನೋಯುತ್ತಿತ್ತು. ಕಣ್ಣಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ, ಕನ್ನಡಕ ಹಾಕಿದರೆ ಅದು ಮೂಗಿನಿಂದ ಜಾರಿ ಹಿತ್ತಾಳೆಯ ಪುಡಿಯ ಮೇಲೆ ಬೀಳುತ್ತಿತ್ತು. ಇಷ್ಟು ನಿಗಾ ಇಟ್ಟು ನಾನು ಕಚೇರಿಯಲ್ಲಿ ಕೆಲಸ ಮಾಡಿದ್ದಿದ್ದರೆ ಯಾವ ಊರಿನ ಸಾಹೇಬನಾಗಿರುತ್ತಿದ್ದೆನೋ.

ದೀಪಾವಳಿಯ ಹೊತ್ತಿಗೆ ಅದು ಕೂತಿತು. ರಿಸೆಪ್ಶನ್ನಿಗೆ ಮುಂಚಿನ ರವಿವಾರ ಗೋದಾಮಿನಲ್ಲಿ ಬಾರಿಸಿದೆ. ಹೊಸ ಮಾಲು ಬಂದು ಬಟ್ಟೆಯ ಗಂಟುಗಳು ಚಾವಣಿ ಮುಟ್ಟಿದ್ದವು. ಅವು ಎಲ್ಲರ ಸದ್ದನ್ನೂ ನುಂಗಿ ಹಾಕುತ್ತಿದ್ದವು. ಗರಗರ ಇರಲಿಲ್ಲ ಎಂಬುದಷ್ಟೇ ಗೊತ್ತಾದದ್ದು. ಮಾಲಕರು ಒಮ್ಮೆ ನನ್ನ ಕಡೆ ನೋಡಿ, "ನೋಡೂಣ್ರಿ, ದಿನಾ ಇನ್ನೂ ಬಂದಿಲ್ಲ" ಎಂದರು. ಕೀಬೋರ್ಡಿನವನು ನನ್ನ ಎದುರಿಗೇ ಎಡಗೈಯಿಂದ ಎಲ್ಲ ಹಾಡುಗಳ ಬಾಸನ್ನೂ ಮೆಲ್ಲಗೆ ಒತ್ತಿ ನೋಡಿಕೊಂಡ. "ಬರೇ ಮುಂಜಾಗ್ರತಾಕ್ರಿ ಸರ್," ಎಂದ. ಅವನಿಗೂ ಚಿಂತೆ ಮಾಡುವ ಅಭ್ಯಾಸ ಇತ್ತು ಅನ್ನಿಸಿ ಸ್ವಲ್ಪ ಪ್ರೀತಿಯೇ ಬಂತು.

ರಿಸೆಪ್ಶನ್ನಿನ ಸಂಜೆ ಕಲ್ಯಾಣ ಮಂಟಪದಲ್ಲಿ ಜನವೋ ಜನ. ದೊಡ್ಡ ಸ್ಪೀಕರುಗಳು, ಬೋಳು ಗೋಡೆಗಳು, ಎತ್ತರದ ಚಾವಣಿ. ಯಾದಿಯಲ್ಲಿದ್ದ ಒಂದೊಂದನ್ನೂ ಕಾಯುತ್ತ ನಾನು ಬಾರಿಸಿದೆ. ಮೊದಲ ಹಾಡು ಮುಗಿಯಿತು, ಅಂಟು ಬಿಡಲಿಲ್ಲ. ಮದುಮಗಳ ಹಣೆ ಸುರಕ್ಷಿತವಾಗಿತ್ತು. ಕನ್ನಡಕದ ಹಿರಿಯರು ಊಟಕ್ಕೆ ಎದ್ದು ಹೋದರು. ಕರೆಂಟು ಇದ್ದಲ್ಲೇ ಇತ್ತು. ಪ್ರತಿ ಹಾಡಿನ ನಡುವೆ ಬಗ್ಗಿ ಶ್ರುತಿ ನೋಡಿಕೊಂಡೆ, ಇಳಿದಿರಲಿಲ್ಲ. ದಪ್ಪ ತಂತಿಯನ್ನು ಮಾತ್ರ ಬೆರಳಿಡದೆ ಬಾರಿಸುವ ಧೈರ್ಯವಾಗಲಿಲ್ಲ, ಸುತ್ತುಬಳಸಿ ಬೆರಳಿಟ್ಟೇ ಕೆಲಸ ಸಾಗಿಸಿದೆ. ಜನ ಫೋಟೋ ತೆಗೆಸಿಕೊಂಡರು, ಉಂಡರು, ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ಕೂತರು. ಬಾಸ್ ಇದೆಯೆಂದು ಯಾರಿಗೂ ತಿಳಿಯಲಿಲ್ಲ. ಅಂದರೆ ಎಲ್ಲ ಸರಿಯಾಗಿತ್ತು.

ಕೊನೆಯ ಹಾಡಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂತು. ಹಾಡು ಮುಗಿಯುವುದು ಆ ದಪ್ಪ ತಂತಿಯ ಸ್ವರದ ಮೇಲೆಯೇ. ಎಷ್ಟೋ ವರ್ಷದಿಂದ ನಾನು ಅಲ್ಲಿ ಕಳ್ಳನಂತೆ ಮೇಲಿನ ಸ್ವರ ಹಿಡಿದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಮಾಲಕರು ಕೈ ಎತ್ತಿ ಮುಕ್ತಾಯದ ಸನ್ನೆ ಕೊಟ್ಟಾಗ, ತಂತಿಯ ಮೇಲೆ ಬೆರಳಿಡದೆ, ಜೋರಾಗಿ ಒಮ್ಮೆ ಬಾರಿಸಿದೆ.

ಮಾಲಕರ ಕೈ ಇಳಿಯಿತು. ತಬಲಾ ನಿಂತಿತು, ಕೀಬೋರ್ಡಿನ ಎರಡೂ ಕೈ ನಿಂತವು. ಮಾಲಕರು ಮೈಕಿನಲ್ಲಿ "ನೂತನ ವಧೂವರರಿಗೆ" ಎಂದು ಶುರುಮಾಡಿದರು. ನನ್ನ ಸ್ವರ ನಿಲ್ಲಲಿಲ್ಲ. ಅದು ಹಿತ್ತಾಳೆಯ ಮೇಲೆ ಕೂತು, ಸ್ವಚ್ಛವಾಗಿ, ಒಂದಿಷ್ಟೂ ಗರಗರವಿಲ್ಲದೆ, ಗುಡಿಯ ಗಂಟೆ ಹೊಡೆದ ಮೇಲಿನ ಗುಂಗಿನಂತೆ ಇಡೀ ಮಂಟಪದಲ್ಲಿ ತುಂಬಿಕೊಂಡಿತು. ಮೊದಲ ಸಾಲಿನವರು ತಲೆ ಎತ್ತಿ ಚಾವಣಿಯ ಕಡೆ ನೋಡಿದರು. ಮಾಲಕರು ಮಾತು ನಿಲ್ಲಿಸಿ, ಮೈಕಿನ ಮೇಲೆ ಅಂಗೈ ಮುಚ್ಚಿ, ನನ್ನ ಕಡೆ ಹೊರಳಿದರು.

"ಏನ್ರೀ ಅದು?"

"ಬಾಸ್ ರೀ."

"ಹಾಡ ಮುಗೀತಲ್ರಿ."

"ಮುಗೀತ್ರಿ."

"ಮತ್ತ?"

ಹಳೆಯ ನಟ್ಟಿನ ಮೇಲೆ ಆ ತಂತಿ ತಾನಾಗಿಯೇ ಸಾಯುತ್ತಿತ್ತು. ಅದನ್ನು ನಿಲ್ಲಿಸಬೇಕು ಎಂಬುದನ್ನು ನನ್ನ ಕೈ ಯಾವತ್ತೂ ಕಲಿತೇ ಇರಲಿಲ್ಲ.

ಅವರು ಇನ್ನೊಂದು ಕ್ಷಣ ಆ ಗುಂಗನ್ನು ಕೇಳಿದರು. ಮುಖದಲ್ಲಿ ಸಿಟ್ಟಿತ್ತೋ ಬೇರೆ ಏನಿತ್ತೋ ಹೇಳಲಾರೆ. "ಬರೂ ರವಿವಾರ ಲಗೂ ಬರ್ರಿ," ಎಂದರು. "ಮದ್ಲ ಅದನ್ನ ನಿಂದ್ರಸೂದು ಕಲೀರಿ."

ನಾನು ತಂತಿಯ ಮೇಲೆ ಅಂಗೈ ಇಟ್ಟೆ. ನಿಂತಿತು.